ದಾಸೋಹದ ಪುಟ್ಟಬಸಪ್ಪನವರ ಗೊರಕೆ

ಸಾವಿರದ ಒಂಬೈನೂರ ಎಂಟನೇ ಇಸವಿಯಲ್ಲಿ ನಾನು ನಂಜನಗೂಡಿನಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಆಸ್ಪತ್ರೆ ಮಾತ್ರ ಪುಟ್ಟದು. ಹೆಂಚಿನ ಮಾಡು, ಆರು ಮಂಚ, ಉತ್ತರದ ಕಿಟಕಿಯ ಬೆಳಕಿಗೆ ಹಾಕಿದ ಒಂದು ಆಪರೇಷನ್ ಮೇಜು. ಸಿಬ್ಬಂದಿ ಎಂದರೆ ನಾನು, ಕಾಂಪೌಂಡರ್ ಚೆಲುವಯ್ಯ, ಒಬ್ಬ ಜವಾನ. ಅರಿವಳಿಕೆ ಕೊಡಲೆಂದೇ ಬೇರೆ ಡಾಕ್ಟರು ಇರುತ್ತಾರೆ ಎನ್ನುವುದನ್ನು ನಾವು ಆಗ ಕೇಳಿಯೂ ಇರಲಿಲ್ಲ. ನಾನು ಕೊಯ್ಯುತ್ತಿದ್ದೆ, ಚೆಲುವಯ್ಯ ಕ್ಲೋರೋಫಾರಂ ಹನಿಸುತ್ತಿದ್ದ.

ಕ್ಲೋರೋಫಾರಂ ಎಂದರೇನೆಂದು ಇಂದಿನವರಿಗೆ ಒಂದು ಮಾತು ಹೇಳಬೇಕು. ಸಿಹಿ ವಾಸನೆಯ ನೀರಿನಂಥ ದ್ರವ. ತಂತಿಯ ಗೂಡಿಗೆ ಬಟ್ಟೆ ಹೊದಿಸಿ ಮಾಸ್ಕ್ ಮಾಡಿ, ಅದನ್ನು ರೋಗಿಯ ಮೂಗು ಬಾಯಿಗಳ ಮೇಲಿಟ್ಟು, ಸೀಸೆಯಿಂದ ಹನಿಹನಿಯಾಗಿ ಬಿಡುವುದು. ರೋಗಿ ತನ್ನ ಉಸಿರಿನಿಂದಲೇ ಅದನ್ನು ಸೇದಿಕೊಂಡು ನಿದ್ದೆ ಹೋಗುತ್ತಾನೆ. ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಇಲ್ಲವೇ ಹೃದಯ ನಿಲ್ಲುತ್ತದೆ. ರೋಗಿಯನ್ನು ಅಂಗಾತ ಮಲಗಿಸಿಯೇ ಕೊಡಬೇಕು, ಕೂರಿಸಿ ಕೊಟ್ಟರೆ ಹೃದಯ ಕೈಕೊಡುತ್ತದೆ ಎಂದು ನಮಗೆ ಮದರಾಸಿನಲ್ಲಿ ಕಲಿಸಿದ್ದರು. ಕಲಿಸಿದ್ದನ್ನು ನಾನು ವೇದವಾಕ್ಯವೆಂದೇ ನಂಬಿದ್ದೆ.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಅದಕ್ಕೂ ಎರಡು ವರ್ಷ ಹಿಂದೆ, ತಿರುಮಕೂಡಲು ನರಸೀಪುರದ ಕಡೆ ಕೆಲಸ ಮಾಡುತ್ತಿದ್ದಾಗ. ಹಳ್ಳಿಯ ಮನೆಯೊಂದರಲ್ಲಿ ಬಹಳ ದಪ್ಪಗಿದ್ದ ಹೆಂಗಸೊಬ್ಬರಿಗೆ ಬೆನ್ನಿನ ಮೇಲೆ ಕೀವುಗಡ್ಡೆಯಾಗಿತ್ತು. ಮಲಗಿಸಿ ಕ್ಲೋರೋಫಾರಂ ಕೊಡಿಸಿದೆ, ಪಕ್ಕಕ್ಕೆ ತಿರುಗಿಸಿ ಕೊಯ್ಯುವ ಮೊದಲೇ ಅವರು ಹೋಗಿಬಿಟ್ಟರು. ಅಷ್ಟು ಹೊತ್ತೂ ನಾನು ಅವರ ಕೈ ಹಿಡಿದು ನಾಡಿ ಚೆನ್ನಾಗಿದೆ ಎನ್ನುತ್ತಲೇ ಇದ್ದೆ. ಯಾಕೆ ಹಾಗಾಯಿತು ಎಂದು ಯಾರೂ ನನ್ನನ್ನು ಕೇಳಲಿಲ್ಲ, ಹಣೆಬರಹ ಎಂದು ಸುಮ್ಮನಾದರು. ನಾನು ಮಾತ್ರ ಸುಮ್ಮನಾಗಲಾರದೆ ಹೋದೆ. ಅಂದಿನಿಂದ ದಪ್ಪಗಿರುವವರು ಯಾರು ಕಂಡರೂ ಅವರ ಮುಖಕ್ಕಿಂತ ಮೊದಲು ಅವರ ಉಸಿರಾಟ ನೋಡುವುದು ನನಗೆ ಚಾಳಿಯಾಗಿಬಿಟ್ಟಿತ್ತು.

ಹೀಗಿರುವಾಗ ಪುಟ್ಟಬಸಪ್ಪನವರು ನನ್ನ ಕಣ್ಣಿಗೆ ಬಿದ್ದರು. ಕವಲಂದೆಯ ಕಡೆಯ ಒಂದು ಸಣ್ಣ ಮಠದಲ್ಲಿ ದಾಸೋಹದ ಅಡುಗೆ ಅವರದ್ದು. ವಯಸ್ಸು ನಲವತ್ತೆರಡು. ಹೆಸರಿನಲ್ಲಿ ಮಾತ್ರ ಪುಟ್ಟ. ಆಸ್ಪತ್ರೆಯ ಜಗಲಿಯ ಮೇಲೆ ಕೂತರೆ ಮೂವರು ಕೂರುವ ಬೆಂಚು ಅವರೊಬ್ಬರಿಗೇ ಸರಿಹೋಗುತ್ತಿತ್ತು. ಕುತ್ತಿಗೆ ಎನ್ನುವುದು ಕಾಣುತ್ತಲೇ ಇರಲಿಲ್ಲ, ಗಲ್ಲ ನೇರವಾಗಿ ಎದೆಗೆ ಸೇರಿತ್ತು. ಹೊಟ್ಟೆಯವರೆಗೆ ಇಳಿಬಿದ್ದ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅಂದರೆ ಇಷ್ಟಲಿಂಗವಿಡುವ ಪುಟ್ಟ ಭರಣಿ. ಅವರು ಬಂದದ್ದು ಸುಟ್ಟ ಕೈ ತೋರಿಸಲು. ಸಾರಿನ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತವರು ನಿಂತಲ್ಲೇ ನಿದ್ದೆ ಹೋಗಿ, ಮೊಣಕೈವರೆಗೆ ಬೇಯಿಸಿಕೊಂಡಿದ್ದರು.

“ಕಣ್ ಮುಚ್ಚುದ್ದು ಗೊತ್ತು ಸ್ವಾಮಿ, ಕೈ ಒಳಕ್ಕೋದ್ದು ಗೊತ್ತಿಲ್ಲ” ಎಂದರು. ಹೇಳುವಾಗ ನಗುತ್ತಲೇ ಇದ್ದರು.

ಊರಿನವರಿಗೆ ಅವರ ನಿದ್ದೆ ಒಂದು ತಮಾಷೆ. ತೇರು ಎಳೆದರೂ ಏಳುವುದಿಲ್ಲ, ಬಡಿಸುತ್ತ ಬಡಿಸುತ್ತ ಗೊರಕೆ ಹೊಡೆಯುತ್ತಾರೆ, ರುಚಿ ನೋಡಿ ನೋಡಿಯೇ ಹೊಟ್ಟೆ ಬಂದದ್ದು ಎಂದು ಆಡಿಕೊಳ್ಳುತ್ತಿದ್ದರು. ಕಡೆಯದು ಶುದ್ಧ ಸುಳ್ಳೆಂದು ನನಗೆ ಆಮೇಲೆ ತಿಳಿಯಿತು. ದಾಸೋಹದ ಅಡುಗೆಯನ್ನು ಅರ್ಪಣೆಯಾಗುವ ಮುಂಚೆ ನಾಲಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ಹುಳಿ ಎಲ್ಲವನ್ನೂ ಅವರು ಹಬೆಯ ವಾಸನೆಯಿಂದಲೇ ಹಿಡಿಯುತ್ತಿದ್ದರು. ಊಟ ಒಂದೇ ಹೊತ್ತು, ಅದೂ ಎಲ್ಲರದಾದ ಮೇಲೆ. ಹಾಗಿದ್ದರೆ ಈ ಮೈ ಎಲ್ಲಿಂದ ಬಂತು, ಈ ನಿದ್ದೆ ಎಲ್ಲಿಂದ ಬಂತು ಎಂದು ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಅವರು ಮೂರು ದಿನಕ್ಕೊಮ್ಮೆ ಗಾಡಿಯಲ್ಲಿ ಬರುತ್ತಿದ್ದರು. ಜೊತೆಗೆ ಹೆಂಡತಿ ಮಲ್ಲಮ್ಮ. ಸಣ್ಣ ಮೈಕಟ್ಟಿನ, ಮಾತು ಕಮ್ಮಿ ಇರುವ ಹೆಂಗಸು. ಕಣ್ಣಿನ ಕೆಳಗೆ ಸದಾ ಕಪ್ಪು. ಅವರಿಗೂ ಏನೋ ಕಾಯಿಲೆ ಇರಬಹುದೆಂದು ಒಂದು ಸಲ ಅಂದುಕೊಂಡೆ, ಕೇಳಲಿಲ್ಲ. ತಮ್ಮ ಸರದಿ ಬರುವಷ್ಟರಲ್ಲಿ ಪುಟ್ಟಬಸಪ್ಪನವರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದರು, ಆ ಗೊರಕೆಯೇ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಒಂದೇ ಸಮನೆ ಬರುತ್ತಿರಲಿಲ್ಲ. ಹತ್ತಿಪ್ಪತ್ತು ಸಲ ಗರಗಸ ಎಳೆದಂತೆ ಬಂದು, ಥಟ್ಟನೆ ನಿಲ್ಲುತ್ತಿತ್ತು. ಸದ್ದೇ ಇಲ್ಲ. ಆಮೇಲೆ ಮೈಯೆಲ್ಲ ಅದುರಿ, ಮುಳುಗಿದವನು ನೀರಿನಿಂದ ಮೇಲೆದ್ದಂತೆ ಒಂದು ದೊಡ್ಡ ಗೊರಕೆ, ಮತ್ತೆ ಮೊದಲಿನಿಂದ.

ನಾನು ಗಡಿಯಾರ ತೆಗೆದು ಎಣಿಸತೊಡಗಿದೆ. ಮೌನದ ಹೊತ್ತು ಮೂವತ್ತು ಸೆಕೆಂಡು. ಇನ್ನೊಮ್ಮೆ ನಲವತ್ತು. ಉಸಿರು ಬಿಗಿಹಿಡಿದು ನಾನೂ ಪರೀಕ್ಷೆ ಮಾಡಿಕೊಂಡೆ, ನಲವತ್ತಕ್ಕೆ ಕಣ್ಣು ಕತ್ತಲಿಟ್ಟಿತು. ಈ ಮನುಷ್ಯ ನಿದ್ದೆಯಲ್ಲಿ ಇದನ್ನು ಗಂಟೆಗೆ ಎಷ್ಟು ಸಲ ಮಾಡುತ್ತಾನೋ ಎಂದು ಬೆರಗಾಯಿತು. ಯಾವ ಪುಸ್ತಕದಲ್ಲೂ ಇದನ್ನು ಓದಿದ ನೆನಪಿರಲಿಲ್ಲ. ನನ್ನ ದಿನಚರಿಯಲ್ಲಿ ಅಂದು ಬರೆದದ್ದು ಈಗಲೂ ಇದೆ: “ಗೊರಕೆ ನಿಂತಾಗಲೂ ಹೊಟ್ಟೆ ಆಡುತ್ತದೆ. ಸದ್ದಿಲ್ಲ.” ಬರೆದೆನೇ ಹೊರತು ಅದರ ಅರ್ಥ ನನಗೆ ಹೊಳೆಯಲಿಲ್ಲ.

ನನ್ನ ಕುತೂಹಲಕ್ಕೆ ಅವರೂ ಕುಣಿದರು ಎನ್ನಬೇಕು. ತೂಕ ನೋಡಬೇಕೆಂದಾಗ ನಮ್ಮ ಆಸ್ಪತ್ರೆಯಲ್ಲಿ ಇದ್ದದ್ದು ಔಷಧಿ ತೂಗುವ ತಕ್ಕಡಿ. ರೈಲ್ವೆ ಸ್ಟೇಷನ್ನಿನ ಗೂಡ್ಸ್ ಷೆಡ್ಡಿಗೆ ಕರೆದುಕೊಂಡು ಹೋದೆ. ಮೂಟೆ ತೂಗುವ ಕಾಟಾದ ಮೇಲೆ ಅವರು ಗಂಭೀರವಾಗಿ ಹತ್ತಿ ನಿಂತರು. ಮುನ್ನೂರ ಹನ್ನೆರಡು ಪೌಂಡು, ನಮ್ಮ ಮಣದ ಲೆಕ್ಕದಲ್ಲಿ ಹನ್ನೆರಡೂವರೆಗೂ ಮೇಲೆ. ಗುಮಾಸ್ತ ಯಾವ ಊರಿಗೆ ಬುಕ್ ಮಾಡಬೇಕು ಎಂದು ಕೇಳಿದ. ಪುಟ್ಟಬಸಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಇನ್ನೊಂದು ಪರೀಕ್ಷೆಯೂ ಮಾಡಿದೆ. ಜಗಲಿಯ ಮೇಲೆ ಅವರನ್ನು ಚಪ್ಪಟೆಯಾಗಿ ಮಲಗಿಸಿ ಎಣಿಸಿದೆ, ಆಮೇಲೆ ಬೆನ್ನಿಗೆ ಒಂದು ಹಾಸಿಗೆ ಸುರುಳಿ, ಆಮೇಲೆ ಎರಡು. ಚಪ್ಪಟೆ ಮಲಗಿದಾಗ ಮೌನ ನಲವತ್ತೈದು ಸೆಕೆಂಡಿನವರೆಗೂ ಹೋಯಿತು, ತುಟಿ ನೇರಳೆಗೆ ತಿರುಗಿತು. ಸೊಂಟದಿಂದ ತಲೆಯವರೆಗೆ ಇಳಿಜಾರು ಮಾಡಿ, ತಲೆಯನ್ನು ಎದೆಗಿಂತ ಎತ್ತರಕ್ಕೆ ತಂದಾಗ ಹತ್ತು ಹನ್ನೆರಡಕ್ಕೆ ಇಳಿಯಿತು. ಮಲಗಿದಾಗ ಹೊಟ್ಟೆಯ ಭಾರವೆಲ್ಲ ಎದೆಯ ಕಡೆಗೆ ನುಗ್ಗಿ ಶ್ವಾಸಕೋಶಕ್ಕೆ ಜಾಗವಿಲ್ಲದಂತೆ ಮಾಡುತ್ತದೆ ಎನ್ನುವುದು ನನಗೆ ಅಷ್ಟರಿಂದ ಹೊಳೆಯಿತು. ಮನೆಯಲ್ಲಿ ಹೇಗೆ ಮಲಗುತ್ತೀರಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ಎಚ್ಚರವಾಗುತ್ತದೆಯೇ ಎಂದು ಹತ್ತಾರು ಪ್ರಶ್ನೆ ಕೇಳಿದೆ. ಗೋಡೆಗೆ ಒರಗಿಯೇ ಮಲಗುವುದೆಂದರು, ಉಳಿದದ್ದಕ್ಕೆಲ್ಲ “ಚೆನ್ನಾಗಿ ನಿದ್ದೆ ಬತ್ತದೆ ಸ್ವಾಮಿ” ಎಂಬ ಒಂದೇ ಉತ್ತರ. ಮಲ್ಲಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಕೈ ವಾಸಿಯಾಗಿ ಅವರು ಬರುವುದು ನಿಂತಿತು. ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ಹುಲ್ಲಿನ ಕಂತೆಗೆ ಒರಗಿಸಿಕೊಂಡು ಅವರನ್ನು ಗಾಡಿಯಲ್ಲಿ ತಂದರು. ಈ ಸಲ ನಗು ಇರಲಿಲ್ಲ. ಹೊಕ್ಕುಳಿನ ಹತ್ತಿರ ಒಂದು ಗಡ್ಡೆ, ತೆಂಗಿನಕಾಯಿಯ ಗಾತ್ರ, ಮುಟ್ಟಿದರೆ ನೋವು. ಹೊಟ್ಟೆಯ ಗೋಡೆಯಲ್ಲಿ ಬಿರುಕಾಗಿ ಕರುಳು ಹೊರಗೆ ತೂರಿಕೊಳ್ಳುವುದಕ್ಕೆ ಹರ್ನಿಯಾ ಎನ್ನುತ್ತೇವೆ. ವರ್ಷಗಳಿಂದ ಇತ್ತಂತೆ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತಂತೆ. ಈಗ ಹೋಗುತ್ತಿರಲಿಲ್ಲ. ಕರುಳಿಗೆ ರಕ್ತ ಓಡುವುದು ನಿಂತರೆ ಅದು ಒಳಗೇ ಕೊಳೆಯುತ್ತದೆ, ಆಮೇಲೆ ಯಾರೂ ಉಳಿಸಲಾರರು.

ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸುವುದು ಕ್ರಮ, ರೈಲೂ ಇತ್ತು. ಆದರೆ ಆ ಚಳಿಗಾಲ ಮೈಸೂರಿನಲ್ಲಿ ಪ್ಲೇಗ್ ಮತ್ತೆ ಎದ್ದಿತ್ತು. ಅಲ್ಲಿಂದ ಓಡಿ ಬರುವವರಿದ್ದರೇ ಹೊರತು ಹೋಗುವವರಿರಲಿಲ್ಲ. ಪುಟ್ಟಬಸಪ್ಪನವರು ಕೈಮುಗಿದು, ಆಗುವುದಾದರೆ ಇಲ್ಲೇ ಆಗಲಿ ಎಂದುಬಿಟ್ಟರು. ಬಿಸಿನೀರಿನ ಶಾಖ ಕೊಟ್ಟು, ಕಾಲು ಮಡಿಸಿ, ಎರಡು ದಿನ ಗಡ್ಡೆಯನ್ನು ಒಳಗೆ ತಳ್ಳಲು ನೋಡಿದೆ. ಮೂರನೆಯ ಬೆಳಿಗ್ಗೆ ವಾಂತಿ ಶುರುವಾಯಿತು, ಗಡ್ಡೆ ಕಲ್ಲಿನಂತೆ ಗಟ್ಟಿಯಾಗಿತ್ತು. ಇನ್ನು ಕಾಯುವಂತಿರಲಿಲ್ಲ.

ನನಗೆ ಭಯವಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಕೊಯ್ಯುವುದಕ್ಕಲ್ಲ, ಕ್ಲೋರೋಫಾರಮ್ಮಿಗೆ. ಚರ್ಮ ಮರಗಟ್ಟಿಸುವ ಕೊಕೇನ್ ಇತ್ತು, ಆದರೆ ನಾಲ್ಕು ಬೆರಳು ದಪ್ಪದ ಕೊಬ್ಬಿನ ಕೆಳಗೆ ಅದನ್ನು ನೆಚ್ಚಿ ಕರುಳಿಗೆ ಕೈಹಾಕುವ ಧೈರ್ಯ ನನಗಿರಲಿಲ್ಲ. ನರಸೀಪುರದ ಆ ಮನೆಯ ಹಜಾರ ಕಣ್ಣ ಮುಂದೆ ಬರುತ್ತಿತ್ತು. ಚೆಲುವಯ್ಯ ಸೀಸೆಗಳನ್ನು ಎಣಿಸುತ್ತ, ಇಷ್ಟು ದೊಡ್ಡ ಆಳಿಗೆ ಔಷಧಿ ಜಾಸ್ತಿ ಬೇಕಲ್ಲವೇ ಎಂದು ಕೇಳಿದ. ಮೈ ದೊಡ್ಡದಾದರೂ ಅವರ ಉಸಿರಿನ ಜಾಗ ನಿನ್ನದಕ್ಕಿಂತ ಚಿಕ್ಕದು, ಕಮ್ಮಿಯಲ್ಲೇ ಶುರುಮಾಡು ಎಂದೆ. ವಾಡಿಕೆಯಂತೆ ಮುಂಚೆ ಚುಚ್ಚುವ ಮಾರ್ಫಿಯಾವನ್ನೂ ಕೊಡಲಿಲ್ಲ. ಸುಮ್ಮನೆ ಕೂತರೇ ತೂಕಡಿಸುವವರಿಗೆ ಇನ್ನೊಂದು ನಿದ್ದೆಯ ಔಷಧಿ ಯಾಕೆಂದು ಕಂಡಿತು.

ಮಲಗಿಸುವ ವಿಷಯದಲ್ಲಿ ಮದರಾಸಿನ ಪಾಠಕ್ಕೂ ನನ್ನ ಜಗಲಿಯ ಪರೀಕ್ಷೆಗೂ ಜಗಳ ಬಿತ್ತು. ಪೂರ್ತಿ ಕೂರಿಸಿದರೆ ಹೃದಯದ ಭಯ, ಚಪ್ಪಟೆ ಮಲಗಿಸಿದರೆ ಉಸಿರಿನ ಭಯ. ಮಠದ ಗಾಡಿಯವನಿಂದ ಭತ್ತದ ಹೊಟ್ಟಿನ ಮೂಟೆಗಳನ್ನು ತರಿಸಿದೆ. ಮೇಜಿನ ಮೇಲೆ ಅವನ್ನು ಜೋಡಿಸಿ, ಮೇಲೆ ಕುದಿಸಿ ಒಣಗಿಸಿದ ದುಪ್ಪಟಿ ಹಾಸಿ, ಸೊಂಟದಿಂದ ತಲೆಯವರೆಗೆ ಇಳಿಜಾರು ಮಾಡಿದೆವು. ಕಿವಿಯ ಮಟ್ಟ ಎದೆಯೆಲುಬಿನ ಮಟ್ಟಕ್ಕೆ ಬರುವವರೆಗೆ ಹೊಟ್ಟನ್ನು ತಟ್ಟಿ ತಟ್ಟಿ ಸರಿಮಾಡಿದೆ. ಪುಟ್ಟಬಸಪ್ಪನವರು ಒರಗಿ, ಮೊದಲ ಸಲ ಸರಾಗವಾಗಿ ಉಸಿರೆಳೆದರು. ಅಷ್ಟಕ್ಕೇ ನನಗೆ ಅರ್ಧ ಗೆದ್ದಷ್ಟು ಸಂತೋಷವಾಯಿತು.

ಆಗ ಬಂದದ್ದು ಕರಡಿಗೆಯ ಪ್ರಶ್ನೆ. ಅದು ನೇತಾಡುತ್ತಿದ್ದದ್ದು ನಾನು ಕೊಯ್ಯಬೇಕಾದ ಜಾಗದಲ್ಲೇ. ಪ್ರಾಣ ಹೋದರೂ ಅವರು ಅದನ್ನು ಮೈಯಿಂದ ಬಿಡುವವರಲ್ಲ, ಚೆಲುವಯ್ಯನಾಗಲಿ ನಾನಾಗಲಿ ಮುಟ್ಟುವಂತೆಯೂ ಇಲ್ಲ. ಮಲ್ಲಮ್ಮನವರನ್ನು ಕರೆದೆ. ಅವರು ಶಿವದಾರವನ್ನು ಮಡಿಸಿ ಗಿಡ್ಡ ಮಾಡಿ, ಕರಡಿಗೆಯನ್ನು ಎದೆಯ ಮೇಲ್ಭಾಗಕ್ಕೆ ತಂದು ಕಟ್ಟಿದರು. ಅದು ಉಸಿರಿನೊಂದಿಗೆ ಏರಿ ಇಳಿಯುವುದನ್ನು ನೋಡಿ ನನಗೆ ಒಂದು ಉಪಾಯ ಹೊಳೆಯಿತು. ಅಷ್ಟು ಕೊಬ್ಬಿನ ಮೈಯಲ್ಲಿ ಎದೆಯ ಆಟ ಕಣ್ಣಿಗೆ ಕಾಣುವುದೇ ಕಷ್ಟ. ಹೊಳೆಯುವ ಈ ಬೆಳ್ಳಿ ಭರಣಿ ಅದನ್ನು ದೂರದಿಂದಲೂ ತೋರಿಸುತ್ತದಲ್ಲ. ಚೆಲುವಯ್ಯ, ಕರಡಿಗೆಯ ಮೇಲೆ ಕಣ್ಣಿಡು, ಅದು ಆಡುವವರೆಗೆ ಉಸಿರಿದೆ ಎಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡದ್ದೂ ನಿಜ. ಮಲ್ಲಮ್ಮನವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ, ಮನೆಯವರು ಒಳಗಿರುವ ವಾಡಿಕೆಯೇ ಇರಲಿಲ್ಲ.

ಹತ್ತು ಗಂಟೆಗೆ ಶುರುಮಾಡಿದೆವು. ಚೆಲುವಯ್ಯ ಹನಿಸಿದ. ಸ್ವಲ್ಪ ಹೊತ್ತಿಗೆ ಆ ಪರಿಚಿತ ಗೊರಕೆ ಬಂತು, ಕೋಣೆಯ ಕಿಟಕಿ ಅದುರುವಷ್ಟು. ನಾನು ಗಡ್ಡೆಯ ಮೇಲೆ ಕೊಯ್ದು, ಕೊಬ್ಬನ್ನು ಸರಿಸುತ್ತ ಕರುಳಿನ ಚೀಲದವರೆಗೆ ಇಳಿದೆ. ಚೀಲ ಬಿಡಿಸಿದಾಗ ಕರುಳು ಕಂಡಿತು. ಕೆಂಪು ಕಪ್ಪಾಗಿತ್ತು, ಆದರೆ ಬಿಸಿನೀರಿನ ಬಟ್ಟೆ ಇಟ್ಟೊಡನೆ ಬಣ್ಣ ಮರಳತೊಡಗಿತು. ಜೀವವಿತ್ತು. ಚೀಲದ ಬಿಗಿದ ಬಾಯನ್ನು ಬಿಡಿಸಿ ಕರುಳನ್ನು ಒಳಗೆ ಸೇರಿಸಬೇಕು. ಅಷ್ಟರಲ್ಲಿ ಗೊರಕೆ ನಿಂತು ಕೋಣೆ ಶಾಂತವಾಯಿತು. ನಿದ್ದೆ ಆಳಕ್ಕೆ ಹೋಗಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ತಲೆಯೆತ್ತಿ ನೋಡಿದೆ, ಕರಡಿಗೆ ಏರಿ ಇಳಿಯುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು.

“ಗೊರ್ಕೆ ನಿಂತೋಗದೆ ಸ್ವಾಮಿ. ಅವ್ರಿಗೆ ಉಸ್ರಿಲ್ಲ. ಬಾಗ್ಲು ತೆಗೀರಿ.”

ಮಲ್ಲಮ್ಮನವರ ದನಿ. ನನಗೆ ಸಿಟ್ಟು ಬಂತು. ಉಸಿರಿದೆ, ಕರಡಿಗೆ ಆಡುತ್ತಿದೆ, ಸುಮ್ಮನಿರಮ್ಮ ಎಂದು ಒಳಗಿನಿಂದಲೇ ಗದರಿದೆ. ಗದರಿ, ಗಾಯದ ಕಡೆಗೆ ತಿರುಗಿದೆ. ಗಾಯದ ಅಂಚಿನಲ್ಲಿ ಜಿನುಗುತ್ತಿದ್ದ ರಕ್ತ ಕಪ್ಪಾಗಿತ್ತು. ಉಸಿರು ಸರಿಯಾಗಿದ್ದರೆ ರಕ್ತ ಕೆಂಪಗಿರಬೇಕು.

ಮಾಸ್ಕ್ ತೆಗೆಸಿದೆ. ತುಟಿ, ಕಿವಿ ಎಲ್ಲ ನೇರಳೆ. ಮೂಗಿನ ಹತ್ತಿರ ಕೆನ್ನೆಯಿಟ್ಟೆ, ಗಾಳಿಯ ಸುಳಿವಿಲ್ಲ. ಆದರೂ ಎದೆಯ ಮೇಲೆ ಆ ಬೆಳ್ಳಿ ಭರಣಿ ಆಡುತ್ತಲೇ ಇತ್ತು. ಆಗ ನೋಡಿದೆ, ಅದು ತಿರುಗಾಮುರುಗಾ ಆಡುತ್ತಿತ್ತು. ಹೊಟ್ಟೆ ಉಬ್ಬಿದಾಗ ಎದೆ ಒಳಗೆ ಸೆಳೆದುಕೊಳ್ಳುತ್ತಿತ್ತು. ಒಳಗಿನ ತಿದಿ ಎಳೆಯುತ್ತಿದೆ, ಗಂಟಲಿನ ಬಾಗಿಲು ಮುಚ್ಚಿದೆ. ನಿದ್ದೆಯಲ್ಲಿ ನಾಲಗೆ ಹಿಂದಕ್ಕೆ ಬಿದ್ದು ಗಂಟಲಿಗೆ ಬಿರಡೆ ಹಾಕಿತ್ತು. ಮೇಲಿನಿಂದ ಚೆಲುವಯ್ಯ ಮಾಸ್ಕ್ ಜಾರದಿರಲೆಂದು ಗಲ್ಲವನ್ನು ಎದೆಗೆ ಒತ್ತಿ ಹಿಡಿದು ಆ ಬಿರಡೆಯನ್ನು ಇನ್ನಷ್ಟು ಬಿಗಿ ಮಾಡಿದ್ದ. ತಪ್ಪು ಅವನದಲ್ಲ, ಅವನಿಗೆ ಭರಣಿ ನೋಡು ಎಂದವನು ನಾನು.

ಚೆಲುವಯ್ಯ ನಾಲಗೆ ಹಿಡಿಯುವ ಇಕ್ಕುಳ ತಂದ. ಹಲ್ಲು ಕಚ್ಚಿಕೊಂಡಿತ್ತು, ಬಾಯಿ ಬಿಡಿಸಲಾಗಲಿಲ್ಲ. ನನ್ನ ಒಂದು ಕೈ ಕರುಳಿನ ಮೇಲಿತ್ತು, ಬಿಟ್ಟರೆ ಅದು ಹೊರಗೆ ಬರುತ್ತಿತ್ತು. ಬಾಗಿಲು ತೆಗೆಯಲು ಜವಾನನಿಗೆ ಹೇಳಿದವನು ನಾನೋ, ಅವನೇ ತೆಗೆದನೋ ನೆನಪಿಲ್ಲ. ಮಲ್ಲಮ್ಮ ಒಳಗೆ ಬಂದರು. ನನ್ನನ್ನಾಗಲಿ, ಗಾಯವನ್ನಾಗಲಿ ನೋಡಲಿಲ್ಲ. ಗಂಡನ ತಲೆಯ ಹಿಂದೆ ಹೋಗಿ ನಿಂತು, ಎರಡೂ ಕೈಯ ಬೆರಳುಗಳನ್ನು ಕಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ಇಟ್ಟು, ಇಡೀ ದವಡೆಯನ್ನು ಮುಂದಕ್ಕೆ ಎತ್ತಿದರು. ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬಂತು. ಹಾಗೇ ಹಿಡಿದುಕೊಂಡರು.

ಒಂದು, ಎರಡು, ಮೂರು ಎಂದು ನಾನು ಮನಸ್ಸಿನಲ್ಲಿ ಎಣಿಸಿದೆ. ಏಳಕ್ಕೆ ಬಂದಾಗ ಆ ಮೈಯೆಲ್ಲ ಅದುರಿತು. ಕಿವಿ ಕಿತ್ತುಹೋಗುವಂಥ ಒಂದು ಗೊರಕೆ ಬಂತು. ಅಷ್ಟು ಚೆಂದದ ಸದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಇನ್ನೊಂದು ಬಂತು, ಮತ್ತೊಂದು. ತುಟಿಯ ನೇರಳೆ ಕರಗಿತು, ಗಾಯದ ರಕ್ತ ಕೆಂಪಾಯಿತು. ಚೆಲುವಯ್ಯ ಗೋಡೆಗೆ ಒರಗಿ ಅಳುತ್ತಿದ್ದ. ನನ್ನ ಕಣ್ಣಲ್ಲೂ ನೀರಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಕೈ ನೋಯುತ್ತಿದೆಯೇ, ಇನ್ನು ಎಷ್ಟು ಹೊತ್ತು ಹಿಡಿಯಬಲ್ಲಿರಿ ಎಂದು ಮಲ್ಲಮ್ಮನವರನ್ನು ಕೇಳಿದೆ.

“ನೀವು ನಿಮ್ ಕೆಲ್ಸ ಮುಗ್ಸಿ ಸ್ವಾಮಿ. ನಾ ಮಕಾ ಬುಟ್ಟು ಬ್ಯಾರೆ ಏನೂ ನೋಡಾಕಿಲ್ಲ.”

ನಲವತ್ತು ನಿಮಿಷ ಅವರು ಹಾಗೇ ಹಿಡಿದು ನಿಂತರು. ಚೆಲುವಯ್ಯ ಅವರ ಬೆರಳುಗಳ ನಡುವಿನಿಂದ, ಮೊದಲಿಗಿಂತ ಬಹಳ ಕಮ್ಮಿ ಹನಿಸಿದ. ಸದ್ದು ಸ್ವಲ್ಪ ಬದಲಾದರೆ ಅವರ ಕೈ ತಾನಾಗಿ ಒಂದಿಷ್ಟು ಮೇಲಕ್ಕೆ, ಒಂದಿಷ್ಟು ಮುಂದಕ್ಕೆ ಸರಿಯುತ್ತಿತ್ತು. ನಾನು ಕರಡಿಗೆಯ ಕಡೆ ನೋಡುವುದನ್ನು ಬಿಟ್ಟು ಗೊರಕೆಗೆ ಕಿವಿಗೊಟ್ಟು ಕೆಲಸ ಮಾಡಿದೆ. ಕರುಳು ಒಳಗೆ ಹೋಯಿತು, ಬಿರುಕನ್ನು ಹೊಲಿದೆ, ಮೇಲೆ ಪಟ್ಟಿ ಬಿಗಿದೆ. ಅವರು ಕಣ್ಣು ತೆರೆದು ನೀರು ಕೇಳುವವರೆಗೂ ಯಾರೂ ಅವರನ್ನು ಇಳಿಜಾರಿನಿಂದ ಇಳಿಸಲಿಲ್ಲ.

ದವಡೆಯನ್ನು ಮುಂದಕ್ಕೆ ತರುವುದು ನನಗೆ ಗೊತ್ತಿರದ ವಿದ್ಯೆಯಲ್ಲ. ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಪುಸ್ತಕ ಓದದ ಈ ಹೆಂಗಸಿಗೆ ಅದು ಎಲ್ಲಿಂದ ಬಂತು? ಸಂಜೆ ಮಂಚದ ಪಕ್ಕ ಕೂತಿದ್ದವರನ್ನು ಕೇಳಿದೆ. ಹನ್ನೊಂದು ವರ್ಷದಿಂದ ರಾತ್ರಿ ಹೀಗೇ ಎಂದರು. ಮೊದಮೊದಲು ಗೊರಕೆ ನಿಂತಾಗ ಹೆದರಿ ಅಲ್ಲಾಡಿಸಿ ಎಬ್ಬಿಸುತ್ತಿದ್ದರಂತೆ, ನಿದ್ದೆ ಕೆಟ್ಟಿತೆಂದು ಗಂಡ ರೇಗುತ್ತಿದ್ದರಂತೆ. ಎಬ್ಬಿಸದೆ ಉಸಿರು ಬರಿಸುವುದು ಹೇಗೆಂದು ಮಗ್ಗುಲಿಗೆ ದೂಡಿ ನೋಡಿದರು, ತಲೆ ಎತ್ತಿ ನೋಡಿದರು, ಗಲ್ಲ ಹಿಡಿದು ನೋಡಿದರು. ಕಡೆಗೆ ದವಡೆಯ ಹಿಂದಿನ ಈ ಜಾಗ ಸಿಕ್ಕಿತು. ಜಗಲಿಯ ಮೇಲೆ ನಾನು ಗಡಿಯಾರ ಹಿಡಿದು ಮಾಡಿದ ಪರೀಕ್ಷೆಗಿಂತ ಎಷ್ಟೋ ದೊಡ್ಡ ಪರೀಕ್ಷೆಯನ್ನು ಅವರು ಕತ್ತಲಲ್ಲಿ ಒಬ್ಬರೇ ಮಾಡಿ ಮುಗಿಸಿದ್ದರು.

ಇದನ್ನು ಮೊದಲೇ ಯಾಕಮ್ಮ ಹೇಳಲಿಲ್ಲ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಅಸಮಾಧಾನವೂ ಇದ್ದಿರಬೇಕು.

“ನೀವ್ ಕೇಳಿದ್ದು ಅವ್ರುನ್ನ” ಎಂದರು ಮಲ್ಲಮ್ಮ. “ಅವ್ರಿಗೇನ್ ಗೊತ್ತು ಸ್ವಾಮಿ? ಅವ್ರು ಮಲ್ಗಿರ್ತಾರಲ್ಲ.”

ಕಣ್ಣಿನ ಕೆಳಗಿನ ಆ ಕಪ್ಪಿಗೆ ಕಾರಣ ಆಗ ತಿಳಿಯಿತು. ತಿಂಗಳುಗಟ್ಟಲೆ ಎದುರಿಗಿದ್ದದ್ದನ್ನು ನೋಡದೆ, ಮಲಗಿದವನನ್ನು ನಿದ್ದೆಯ ಸಮಾಚಾರ ಕೇಳುತ್ತ ಕೂತಿದ್ದ ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ.

ಗಾಯಕ್ಕೆ ಜ್ವರ ಬರಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲಿನ ದಿನಗಳಲ್ಲಿ ಉಸಿರಿನ ಅಪಾಯ ಮುಗಿದಿರುವುದಿಲ್ಲ, ಅದರಲ್ಲೂ ಇಂಥವರಿಗೆ. ಅವರನ್ನು ಹೊಟ್ಟಿನ ಮೂಟೆಗಳ ಮೇಲೇ ಒರಗಿಸಿಟ್ಟೆ, ನೋವಿಗೆ ಮಾರ್ಫಿಯಾ ಕೇಳಿದರೂ ಅತಿ ಕಮ್ಮಿ ಕೊಟ್ಟೆ. ಮಲ್ಲಮ್ಮ ತಲೆಯ ಹತ್ತಿರದಿಂದ ಕದಲಲಿಲ್ಲ. ಮೂರನೆಯ ದಿನ ಊಟದ ತಟ್ಟೆಯ ಮುಂದೆ ಕೂತ ಮಲ್ಲಮ್ಮ ತುತ್ತು ಎತ್ತುವಾಗಲೇ ನಿದ್ದೆಗೆ ಮುಂದಕ್ಕೆ ವಾಲಿದರು. ಆಗ ನಾನು ಚೆಲುವಯ್ಯನನ್ನು ಕರೆದು, ಹಗಲು ನೀನೊಂದು ಸರದಿ, ನಾನೊಂದು ಸರದಿ, ದವಡೆ ಹಿಡಿಯುವುದನ್ನು ಇವರಿಂದ ಕಲಿತುಕೊಳ್ಳೋಣ ಎಂದೆ. ಮಲ್ಲಮ್ಮ ಒಪ್ಪಲಿಲ್ಲ. ನಾವಿಬ್ಬರೂ ಹಿಡಿದು ತೋರಿಸಿದ ಮೇಲೆ, ಚೆಲುವಯ್ಯನ ಬೆರಳನ್ನು ಎರಡು ಸಲ ಸರಿಮಾಡಿ, ಅರೆಮನಸ್ಸಿನಿಂದ ಮಂಚದ ಪಕ್ಕ ಚಾಪೆಯ ಮೇಲೆ ತಲೆಯಿಟ್ಟರು. ಇಟ್ಟದ್ದೊಂದೇ ತಡ, ನಿದ್ದೆ ಹೋದರು.

ಮಧ್ಯಾಹ್ನ ಎರಡು ಗಂಟೆಗೆ ನನ್ನ ಸರದಿಗೆಂದು ವಾರ್ಡಿಗೆ ಬಂದೆ. ಪುಟ್ಟಬಸಪ್ಪನವರು ಎಚ್ಚರವಾಗಿದ್ದರು. ಎಚ್ಚರವೆಂದರೆ ತೂಕಡಿಕೆಯ ಎಚ್ಚರವಲ್ಲ, ಕಣ್ಣು ಪೂರ್ತಿ ತೆರೆದಿತ್ತು. ಚಾಪೆಯ ಮೇಲೆ ಮೊಣಕಾಲು ಮಡಿಸಿ, ಬಾಯಿ ಅರೆತೆರೆದು ಮಲಗಿದ್ದ ಹೆಂಡತಿಯನ್ನೇ ನೋಡುತ್ತಿದ್ದರು. ಹೇಗಿದ್ದೀರಿ ಎಂದು ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

“ಮೆಲ್ಲುಗ್ ಮಾತಾಡಿ ಸ್ವಾಮಿ” ಎಂದರು ಪಿಸುಮಾತಿನಲ್ಲಿ. “ಮದ್ವೆಯಾಗಿ ಇಪ್ಪತ್ತೊರ್ಸಾಯ್ತು. ಇವ್ಳು ನಿದ್ದೆ ಮಾಡೋದ್ನ ನಾ ನೋಡ್ತಿರೋದು ಇವತ್ತೇಯ.”

ನಾನು ಸ್ಟೂಲನ್ನು ಎಳೆಯದೆ ಎತ್ತಿ ತಂದು ಅವರ ತಲೆಯ ಹತ್ತಿರ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವರಿಗೂ ಕಣ್ಣು ಎಳೆಯಿತು. ಗೊರಕೆ ಶುರುವಾಯಿತು, ನಿಂತಿತು. ಬೆರಳುಗಳನ್ನು ದವಡೆಯ ಹಿಂದೆ ಇಟ್ಟು ಮುಂದಕ್ಕೆ ತಂದೆ, ಮತ್ತೆ ಬಂತು. ಸಂಜೆಯವರೆಗೂ ಮಲ್ಲಮ್ಮ ಮಗ್ಗುಲು ಬದಲಿಸಲಿಲ್ಲ.

ಇದಾಗಿ ಮೂವತ್ತು ವರ್ಷದ ಮೇಲಾಯಿತು. ಈಗ ಮೈಸೂರಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರುಗಳಿವೆ, ಅರಿವಳಿಕೆಗೆ ಬೇರೆಯೇ ಡಾಕ್ಟರಿದ್ದಾರೆ, ನಾನು ಕಲಿತದ್ದು ಹಳೆಯದಾಗಿದೆ. ನಾಡಿ, ನಾಲಗೆ, ಎದೆ ಎಲ್ಲವನ್ನೂ ನೋಡಿದ ಮೇಲೆ ನಾನು ಸರ್ವಿಸ್ ಮುಗಿಯುವವರೆಗೆ ಕೇಳುತ್ತಿದ್ದ ಒಂದು ಪ್ರಶ್ನೆ ಮಾತ್ರ ಹಳೆಯದಾಗಿಲ್ಲವೆಂದು ಕಾಣುತ್ತದೆ. ಅದನ್ನು ರೋಗಿಯನ್ನು ಕೇಳುವಂತಿಲ್ಲ. ಬಾಗಿಲ ಹೊರಗೆ, ಗೋಡೆಗೆ ಒರಗಿ ನಿಂತವರ ಕಡೆ ತಿರುಗಿ ಕೇಳಬೇಕು: ಇವರು ಮಲಗಿದಾಗ ಎಚ್ಚರವಾಗಿರುವವರು ನಿಮ್ಮಲ್ಲಿ ಯಾರು?